ಚಾಗಸ್ ರೋಗಿಗಳ ರಕ್ತದ ಸೈಟೊಕೈನ್: ಆ ಅಂಕಿಗಳನ್ನು ಧಾರವಾಡದಲ್ಲಿ ಕೂತು ಓದುವುದು ಹೇಗೆ?

ಸಪ್ತಾಪುರ_ಪಿಜಿ
ಎಲ್ಲರಿಗೂ ನಮಸ್ಕಾರ. ವಿಭಾಗದ ಸೆಮಿನಾರಿಗಾಗಿ ದೀರ್ಘಕಾಲದ ಚಾಗಸ್ ರೋಗದ (ಲ್ಯಾಟಿನ್ ಅಮೆರಿಕದಲ್ಲಿ ಟ್ರಿಪನೊಸೋಮಾ ಕ್ರೂಜಿ ಎಂಬ ಪರಾವಲಂಬಿಯಿಂದ ಬರುವ ರೋಗ) ಪ್ರಬಂಧಗಳನ್ನು ಓದುತ್ತಿದ್ದೇನೆ. ಸಾಮಾನ್ಯವಾಗಿ ಮೂರು ಗುಂಪು ಮಾಡಿರುತ್ತಾರೆ: ಸೋಂಕಿಲ್ಲದವರು, ಸೋಂಕಿದ್ದೂ ಲಕ್ಷಣವಿಲ್ಲದವರು, ಹೃದಯಕ್ಕೆ ಪೆಟ್ಟಾದವರು. ಈ ಮೂವರ ರಕ್ತದಲ್ಲಿ ಆರು ಸೈಟೊಕೈನ್ (ರಕ್ಷಣಾ ಕೋಶಗಳು ಸಂದೇಶಕ್ಕೆ ಬಿಡುವ ಪ್ರೋಟೀನ್), ಅಂದರೆ ಟಿಎನ್‌ಎಫ್, ಇಂಟರ್‌ಫೆರಾನ್ ಗಾಮಾ, ಐಎಲ್-6, ಐಎಲ್-10, ಐಎಲ್-17, ಸಿಎಕ್ಸ್‌ಸಿಎಲ್-10 ಅಳೆದಿರುತ್ತಾರೆ. ಟಿಎನ್‌ಎಫ್ ಬಹುತೇಕ ಕಡೆ ಹೃದಯದ ಗುಂಪಿನಲ್ಲೇ ಹೆಚ್ಚು. ಐಎಲ್-10 ಮಾತ್ರ ಕೈಗೆ ಸಿಗುತ್ತಿಲ್ಲ. ಒಂದು ಕಡೆ ಲಕ್ಷಣವಿಲ್ಲದವರಲ್ಲಿ ಹೆಚ್ಚು, ಇನ್ನೊಂದು ಕಡೆ ಹೃದಯದವರಲ್ಲಿ ಹೆಚ್ಚು, ಮತ್ತೊಂದು ಕಡೆ ವ್ಯತ್ಯಾಸವೇ ಇಲ್ಲ.

ಎರಡು ಪ್ರಶ್ನೆ. ಈ ಗೊಂದಲ ರೋಗದ್ದೋ, ಅಳತೆಯದ್ದೋ? ಇನ್ನೊಂದು, ನಮ್ಮಲ್ಲಿ ಚಾಗಸ್ ಇಲ್ಲದೆಯೇ ಹೃದಯ ಹಿಗ್ಗಿದ (ಡೈಲೇಟೆಡ್ ಕಾರ್ಡಿಯೊಮಯೋಪಥಿ) 40 ರೋಗಿಗಳ ಸೀರಮ್ ಮೈನಸ್ 20ರಲ್ಲಿ ಒಂದು ವರ್ಷದಿಂದ ಇದೆ. ಅದರಲ್ಲಿ ಇವೇ ಆರು ಅಣುಗಳನ್ನು ಅಳೆದು ಬ್ರೆಜಿಲಿನ ಅಂಕಿಗಳ ಪಕ್ಕ ಇಟ್ಟರೆ, ಚಾಗಸ್‌ನದ್ದು ಯಾವುದು, ಬರೀ ಸೋತ ಹೃದಯದ್ದು ಯಾವುದು ಎಂದು ಬೇರ್ಪಡಿಸಬಹುದೇ?

ನುಗ್ಗಿಕೇರಿ
ಎರಡನೇ ಪ್ರಶ್ನೆಯೇ ಈ ವಿಷಯದ ತಿರುಳು, ಅದಕ್ಕೆ ಆಮೇಲೆ ಬರೋಣ. ಮೊದಲು ರೋಗದ ಒಳಗಿನ ಲೆಕ್ಕ.

ಟ್ರಿಪನೊಸೋಮಾ ಕ್ರೂಜಿ ರಕ್ತದಲ್ಲಿ ಈಜುತ್ತಾ ಕೂರುವುದಿಲ್ಲ, ಜೀವಕೋಶದ ಒಳಗೆ ಸೇರಿಕೊಳ್ಳುತ್ತದೆ. ಹೃದಯದ ಸ್ನಾಯುತಂತು ಅದಕ್ಕೆ ಇಷ್ಟದ ಮನೆ. ಒಳಗೆ ಸೇರಿದ್ದನ್ನು ಹಿಡಿತದಲ್ಲಿಡಲು ದೇಹಕ್ಕೆ ಇಂಟರ್‌ಫೆರಾನ್ ಗಾಮಾ ಬೇಕೇ ಬೇಕು. ಟಿ ಕೋಶಗಳು ಅದನ್ನು ಬಿಡುತ್ತವೆ, ಮ್ಯಾಕ್ರೊಫೇಜ್‌ಗಳು ಎಚ್ಚೆತ್ತು ಟಿಎನ್‌ಎಫ್ ಬಿಡುತ್ತವೆ, ಪರಾವಲಂಬಿ ಕೊಲ್ಲುವ ರಾಸಾಯನಿಕ ತಯಾರಿಸುತ್ತವೆ. ತೀವ್ರ ಹಂತ ನಾಲ್ಕರಿಂದ ಎಂಟು ವಾರದಲ್ಲಿ ಇಳಿಯುವುದು ಇದರಿಂದಲೇ. ಆದರೆ ಪರಾವಲಂಬಿ ಪೂರ್ತಿ ಹೋಗುವುದಿಲ್ಲ. ಕಾವಲು ಹತ್ತಿಪ್ಪತ್ತು ವರ್ಷ ನಡೆಯುತ್ತಲೇ ಇರಬೇಕಾಗುತ್ತದೆ, ಆ ಕಾವಲಿನ ಬೆಂಕಿಯೇ ಮನೆಯನ್ನೂ ಸುಡುತ್ತದೆ. ಸೋಂಕಿತರಲ್ಲಿ ಸುಮಾರು ಮೂರನೇ ಒಂದು ಪಾಲು ಜನರಿಗೆ ಮುಂದೆ ಹೃದಯರೋಗ ಬರುತ್ತದೆ. ಅನ್ನನಾಳ, ದೊಡ್ಡಕರುಳು ಹಿಗ್ಗುವವರು ಸುಮಾರು ನೂರಕ್ಕೆ ಹತ್ತರಷ್ಟು. ಉಳಿದವರು ಸೋಂಕಿಟ್ಟುಕೊಂಡೇ ಬಾಳುತ್ತಾರೆ.

ಆ ಉಳಿದವರಲ್ಲಿ ಬೆಂಕಿಗೆ ನೀರು ಹಾಕುವವರು ಯಾರು ಎಂದು ಹುಡುಕಿದಾಗ ಸಿಕ್ಕಿದ್ದು ಐಎಲ್-10. ಮಾನೊಸೈಟ್‌ಗಳೂ ಟಿ ಕೋಶಗಳೂ ಇದನ್ನು ಬಿಡುತ್ತವೆ. ಐಎಲ್-17 ಕೂಡ ಹಲವು ಅಧ್ಯಯನಗಳಲ್ಲಿ ಲಕ್ಷಣವಿಲ್ಲದವರಲ್ಲೇ ಹೆಚ್ಚು, ಹೃದಯ ಚೆನ್ನಾಗಿ ಹಿಂಡುವವರಲ್ಲಿ ಹೆಚ್ಚು. ಬೇರೆ ರೋಗಗಳಲ್ಲಿ ಐಎಲ್-17 ಎಂದರೆ ಉರಿಯೂತದ ಪಕ್ಷ ಎಂದೇ ಕಲಿತಿರುತ್ತೇವೆ, ಇಲ್ಲಿ ಹಾಗಲ್ಲ. ಸೆಮಿನಾರಿನಲ್ಲಿ ಈ ಪ್ರಶ್ನೆ ಖಂಡಿತ ಬರುತ್ತದೆ, ಸಿದ್ಧವಾಗಿರಿ.

ಇನ್ನು ಗೊಂದಲದ ಒಂದು ಮೂಲ: ಐಎಲ್-10 ಹೆಚ್ಚೆಂದು ಹೇಳಿದ ಎಷ್ಟೋ ಫಲಿತಾಂಶಗಳು ಪ್ಲಾಸ್ಮಾದ್ದಲ್ಲ (ಪ್ಲಾಸ್ಮಾ ಎಂದರೆ ಹೆಪ್ಪುಗಟ್ಟದಂತೆ ಇಟ್ಟ ರಕ್ತದಿಂದ ಕೋಶ ತೆಗೆದ ದ್ರವ). ರಕ್ತದ ಬಿಳಿಕೋಶಗಳನ್ನು ಬೇರ್ಪಡಿಸಿ, ಪರಾವಲಂಬಿಯ ಪ್ರತಿಜನಕ ಹಾಕಿ ಕೆರಳಿಸಿ, ಕೋಶದ ಒಳಗೋ ಮೇಲಿನ ದ್ರವದಲ್ಲೋ ಅಳೆದದ್ದು. ಅದು ಆ ಕೋಶಕ್ಕೆ ಎಷ್ಟು ಸಾಮರ್ಥ್ಯವಿದೆ ಎಂಬುದರ ಅಳತೆ. ಪ್ಲಾಸ್ಮಾದ ಅಂಕಿ ಈ ಗಳಿಗೆಯಲ್ಲಿ ರಕ್ತದಲ್ಲಿ ತೇಲುತ್ತಿರುವುದು ಎಷ್ಟು ಎಂಬುದರ ಅಳತೆ. ಇವೆರಡನ್ನೂ ಒಂದೇ ಕೋಷ್ಟಕಕ್ಕೆ ಹಾಕಿದರೆ ಜಗಳ ತಪ್ಪದು. ಪ್ರತಿ ಪ್ರಬಂಧದ ವಿಧಾನದ ಭಾಗ ತೆರೆದು ಸೀರಮ್, ಪ್ಲಾಸ್ಮಾ, ಕಲ್ಚರ್ ದ್ರವ ಎಂದು ಮೂರು ರಾಶಿ ಮಾಡಿ. ಅರ್ಧ ವಿರೋಧ ಅಲ್ಲೇ ಕರಗುತ್ತದೆ.

ಉಣಕಲ್_ಎಲಿಸಾ
ಉಳಿದ ಅರ್ಧ ಟ್ಯೂಬಿನೊಳಗ ಅದ ನೋಡವಾ ತಂಗಿ.

ಸೀರಮ್ ಅಂದ್ರ ರಕ್ತ ಹೆಪ್ಪುಗಟ್ಟಿದ ಮ್ಯಾಲ ಉಳಿದ ನೀರು. ಹೆಪ್ಪುಗಟ್ಟೂ ಮುಂದ ಪ್ಲೇಟ್‌ಲೆಟ್ ಒಡದು ತಮ್ಮೊಳಗಿನ ಸರಕೆಲ್ಲಾ ಹೊರಗ ಚೆಲ್ತಾವ: ಟಿಜಿಎಫ್ ಬೀಟಾ, ಸಿಸಿಎಲ್-5, ವಿಇಜಿಎಫ್. ಹಂಗಾಗಿ ಸೀರಮ್‌ನ್ಯಾಗಿನ ಟಿಜಿಎಫ್ ಬೀಟಾ ರೋಗಿದಲ್ಲ, ಟ್ಯೂಬಿಂದು. ಚಾಗಸ್ ಹೃದಯದಾಗ ನಾರು ಬೆಳ್ಯಾಕ ಟಿಜಿಎಫ್ ಬೀಟಾ ಕಾರಣ ಅಂತ ಹೇಳ್ತಾರ, ಅದಕ್ಕ ಈ ಅಳತಿ ಭಾಳ ಮುಖ್ಯ. ಆದರ ಸೀರಮ್‌ನ್ಯಾಗ ಅಳದ್ರ ಪ್ಲೇಟ್‌ಲೆಟ್ ಎಣಿಕೆ ಅಳದಂಗ ಆಗ್ತದ.

ಅದಕ್ಕ ಪ್ಲಾಸ್ಮಾ ಬೇಕು: ರಕ್ತ ಹೆಪ್ಪುಗಟ್ಟದಂಗ ತಡಿಯೂ, ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್ ತಗೊಳ್ರಿ. ಹಸಿರು ಮುಚ್ಚಳದ ಹೆಪಾರಿನ್ ಬ್ಯಾಡ. ಹೆಪಾರಿನ್ ಕೀಮೊಕೈನ್‌ಗಳಿಗೆ (ಸಿಎಕ್ಸ್‌ಸಿಎಲ್-10ರಂಥ, ಕೋಶ ಕರಿಯೂ ಅಣು) ಅಂಟಿಕೊಳ್ತದ, ಸಣ್ಣ ಮಣಿಗಳ ಮ್ಯಾಲ ಹಲವು ಅಣು ಒಮ್ಮೆಗೇ ಅಳಿಯೂ ಬೀಡ್ ವಿಧಾನದಾಗೂ ತೊಂದ್ರಿ ಕೊಡ್ತದ. ರಕ್ತ ಬಿದ್ದ ಕೂಡ್ಲೆ ಟ್ಯೂಬ್ ಎಂಟರಿಂದ ಹತ್ತು ಸಲ ಮೆಲ್ಲಕ ತಲಿಕೆಳಗ ಮಾಡ್ರಿ, ಜೋರಾಗಿ ಅಲ್ಲಾಡಸಬ್ಯಾಡ್ರಿ. ರಕ್ತ ಒಡದು ಪ್ಲಾಸ್ಮಾ ಕೆಂಪಾತಂದ್ರ ಆ ಸ್ಯಾಂಪಲ್ ಬರದಿಟ್ಟು ಬಿಟ್ಟುಬಿಡ್ರಿ.

ಮುಖ್ಯ ವೇಳ್ಯಾ. ಅರ್ಧ ತಾಸು, ಹೆಚ್ಚಂದ್ರ ಒಂದು ತಾಸಿನೊಳಗ ಸೆಂಟ್ರಿಫ್ಯೂಜಿಗೆ ಹೋಗಬೇಕು. ಹೊರಗಿಟ್ಟ ರಕ್ತದಾಗ ಮಾನೊಸೈಟ್ ಇನ್ನೂ ಜೀವಂತ ಇರ್ತಾವ, ಅಲ್ಲೇ ಕೂತು ಐಎಲ್-6, ಟಿಎನ್‌ಎಫ್ ತಯಾರ ಮಾಡ್ತಾವ. ಬೆಳಿಗ್ಗೆ ಒಂಬತ್ತಕ್ಕ ತಗದ ರಕ್ತ ಓಪಿಡಿ ಮುಗದು ಮಧ್ಯಾಹ್ನ ಎರಡಕ್ಕ ಲ್ಯಾಬಿಗೆ ಬಂದ್ರ, ಅಂಥಾದ್ದು ಹೃದಯದ ಗುಂಪಿಂದೇ ಹೆಚ್ಚಿದ್ರ, ನಿಮಗ ಸುಂದರ ವ್ಯತ್ಯಾಸ ಸಿಗ್ತದ, ಅಷ್ಟೂ ಸುಳ್ಳು. ಏಪ್ರಿಲ್-ಮೇ ತಿಂಗಳದಾಗ ಹುಬ್ಬಳ್ಳಿ ಕೋಣಿಯೊಳಗ ಎರಡು ತಾಸು ಅಂದ್ರ, ಕಿಟ್ಟಿನ ಹಾಳಿಯೊಳಗ ಬರದ 'ಕೋಣೆಯ ಉಷ್ಣತೆ' ಅಲ್ಲವೇ ಅಲ್ಲ ಅದು.

ಇನ್ನ ಸೆಂಟ್ರಿಫ್ಯೂಜ್. '3000 ಆರ್‌ಪಿಎಂ' ಅಂತ ಬರದ್ರ ಏನೂ ಬರದಂಗಲ್ಲ. ರೋಟರಿನ ತ್ರಿಜ್ಯ 15 ಸೆಂಟಿಮೀಟರ್ ಇದ್ರ 3000ಕ್ಕ ಸುಮಾರು 1500 ಜಿ (ಗುರುತ್ವದ 1500 ಪಟ್ಟು) ಬರ್ತದ, 10 ಸೆಂಟಿಮೀಟರ್ ಇದ್ರ 1000 ಜಿ ಅಷ್ಟ. ಲೆಕ್ಕ ಹಿಂಗ: 0.00001118 ಗುಣಿಲೆ ತ್ರಿಜ್ಯ ಗುಣಿಲೆ ಆರ್‌ಪಿಎಂನ ವರ್ಗ. ಸ್ಕೇಲ್ ಹಚ್ಚಿ ತ್ರಿಜ್ಯ ಅಳದು ಮಷೀನಿನ ಮ್ಯಾಲ ಚೀಟಿ ಅಂಟಸ್ರಿ. 1500 ಜಿಗೆ 15 ನಿಮಿಷ, 4 ಡಿಗ್ರಿ. ಬಿಳಿಕೋಶದ ಪದರದ ಮ್ಯಾಲ ಅರ್ಧ ಸೆಂಟಿಮೀಟರ್ ಬಿಟ್ಟು ಪ್ಲಾಸ್ಮಾ ತಗೀರಿ. ಟಿಜಿಎಫ್ ಬೀಟಾ ಬೇಕಂದ್ರ ಅದನ್ನ ಮತ್ತ ಸಣ್ಣ ಟ್ಯೂಬಿಗೆ ಹಾಕಿ 10,000 ಜಿಗೆ 10 ನಿಮಿಷ ತಿರಗಸ್ರಿ, ಉಳದ ಪ್ಲೇಟ್‌ಲೆಟ್ ತಳ ಹಿಡೀತಾವ. ಆಮ್ಯಾಲ 200-250 ಮೈಕ್ರೊಲೀಟರಿನ ಸಣ್ಣ ಪಾಲು ಮಾಡಿ ಮೈನಸ್ 80. ಒಂದು ಪಾಲು ಒಂದೇ ಸಲ ಕರಗಬೇಕು.

ನಿಮ್ಮ ವರ್ಷದ ಹಳೇ ಮೈನಸ್ 20ರ ಸೀರಮ್ ಪ್ರತಿಕಾಯ ನೋಡ್ಲಿಕ್ಕೆ ನಡೀತದ, ಪ್ರತಿಕಾಯ ಗಟ್ಟಿ. ಸೈಟೊಕೈನಿಗೆ ಬ್ಯಾಡ. ಅದರಾಗೂ ತಾನಾಗೇ ಬರ್ಫ ಕರಗಸೂ ಫ್ರೀಜರ್ ಇದ್ರ ದಿನಾ ಸ್ವಲ್ಪ ಬಿಸಿ ಆಗಿ ತಣ್ಣಗಾಗಿರ್ತದ.

ಸಪ್ತಾಪುರ_ಪಿಜಿ
ಅಣ್ಣಾವ್ರೇ, ಅದು ತಾನಾಗಿ ಬರ್ಫ ಕರಗಿಸುವ ಫ್ರೀಜರೇ. ಹಾಗಾದರೆ ಆ 40 ಬಿಟ್ಟು ಹೊಸದಾಗಿ ರಕ್ತ ತೆಗೆಯುವುದೆಂದು ಇಟ್ಟುಕೊಳ್ಳೋಣ. 4 ಮಿಲಿ ಒಂದು ಟ್ಯೂಬ್ ಸಾಕಾಗುತ್ತದೆಯೇ? ಎಲಿಸಾ (ಪ್ರತಿಕಾಯ ಅಂಟಿಸಿದ ಪ್ಲೇಟಿನಲ್ಲಿ ಒಂದೊಂದೇ ಅಣುವನ್ನು ಬಣ್ಣದಿಂದ ಅಳೆಯುವುದು) ಒಳ್ಳೆಯದೋ, ಬೀಡ್ ವಿಧಾನವೋ?

ಉಣಕಲ್_ಎಲಿಸಾ
4 ಮಿಲಿ ರಕ್ತಕ್ಕ ಎರಡು ಮಿಲಿ ಹತ್ರ ಪ್ಲಾಸ್ಮಾ, ತಳಾ ಬಿಟ್ಟು ತಗದ್ರ 1.6-1.8. ಎಲಿಸಾಕ್ಕ ಪ್ಲೇಟಿನ ಒಂದು ಬಾವಿಗೆ (ಸಣ್ಣ ಗುಂಡಿಗೆ) 100 ಮೈಕ್ರೊಲೀಟರ್, ಜೋಡಿ ಬಾವಿ ಅಂದ್ರ 200. ಆರು ಅಣುವಿಗೆ 1.2 ಮಿಲಿ. ಉಳಿಯೂದು 0.4-0.6 ಅಷ್ಟ, ಎರಡು-ಮೂರು ಪ್ಲೇಟ್ ಕೆಟ್ರ ಮುಗೀತು. ಅದಕ್ಕ ಎರಡು ಟ್ಯೂಬ್ ತಗೊಳ್ರಿ. ಬೀಡ್ ವಿಧಾನಕ್ಕ 25-50 ಮೈಕ್ರೊಲೀಟರಿನ್ಯಾಗ ಆರೂ ಒಮ್ಮೆಗೇ ಬರ್ತಾವ. ಆದರ ಒಂದೇ ದುರ್ಬಲಗೊಳಿಸಿದ ಪ್ರಮಾಣದಾಗ ಎಲ್ಲಾ ಅಳೀಬೇಕು. ಸಿಎಕ್ಸ್‌ಸಿಎಲ್-10 ಒಂದು ಮಿಲಿಗೆ ನೂರಾರು ಪಿಕೊಗ್ರಾಂ ಇರ್ತದ, ಇಂಟರ್‌ಫೆರಾನ್ ಗಾಮಾ ಒಂದೆರಡು ಇದ್ರ ಪುಣ್ಯ. ಒಂದಕ್ಕ ಸರಿ ಹೊಂದಿದ್ದು ಇನ್ನೊಂದಕ್ಕ ಹೊಂದೂದಿಲ್ಲ. ಟಿಜಿಎಫ್ ಬೀಟಾ ಅಂತೂ ಅದರಾಗ ಸೇರಸಲಿಕ್ಕೇ ಬರೂದಿಲ್ಲ, ಅದಕ್ಕ ಆಮ್ಲದ ಪಾಠ ಬ್ಯಾರೆ ಅದ.

ಆ ಪಾಠ ಹೇಳಿಬಿಡ್ತೀನಿ. ಟಿಜಿಎಫ್ ಬೀಟಾ ರಕ್ತದಾಗ ಮುಚ್ಚಿಕೊಂಡ ರೂಪದಾಗ ಇರ್ತದ, ಎಲಿಸಾದ ಪ್ರತಿಕಾಯಕ್ಕ ಕಾಣೂದಿಲ್ಲ. ಸಾಮಾನ್ಯ ಕಿಟ್ಟಿನ್ಯಾಗ 40 ಮೈಕ್ರೊಲೀಟರ್ ಸ್ಯಾಂಪಲಿಗೆ 20 ಮೈಕ್ರೊಲೀಟರ್ 1 ನಾರ್ಮಲ್ ಹೈಡ್ರೊಕ್ಲೋರಿಕ್ ಆಮ್ಲ, ಹತ್ತು ನಿಮಿಷ. ಆಮ್ಯಾಲ ಅದನ್ನ ತಣಸ್ಲಿಕ್ಕೆ 20 ಮೈಕ್ರೊಲೀಟರ್ ಕ್ಷಾರ, ಹೆಪೆಸ್ ಬೆರಸಿದ್ದು. ಕೂಡ್ಲೆ ದುರ್ಬಲಗೊಳಿಸಿ ಪ್ಲೇಟಿಗೆ. ಇಲ್ಲಿ 40 ಇದ್ದದ್ದು 80 ಆತು, ಅಂದ್ರ ಎರಡರಿಂದ ಗುಣಸಬೇಕು. ಇದನ್ನ ಮರತವರ ಅಂಕಿ ಎಲ್ಲಾ ಅರ್ಧಕ್ಕ ಬಂದಿರ್ತದ. ಕರುವಿನ ಸೀರಮ್ ಇರೂ ಬಫರ್ ಮುಟ್ಟಬ್ಯಾಡ್ರಿ, ಅದರಾಗೇ ಟಿಜಿಎಫ್ ಬೀಟಾ ತುಂಬ್ಯದ.

ಏಲಕ್ಕಿ_ಹಾವೇರಿ
ನಡುವೆ ಬಂದಿದ್ದಕ್ಕೆ ಕ್ಷಮಿಸಿ, ಪಶುವೈದ್ಯದ ಕಡೆಯಿಂದ ಒಂದು ಮಾತು. ಇಲ್ಲಿ ಟ್ರಿಪನೊಸೋಮಾ ಎಂದರೆ ನಮಗೆ ನೆನಪಾಗುವುದು ಎಮ್ಮೆ, ಕುದುರೆ, ಒಂಟೆಗಳ ಸರ್ರಾ, ಅಂದರೆ ಟ್ರಿಪನೊಸೋಮಾ ಇವಾನ್ಸಿ. ಕಚ್ಚುವ ನೊಣ ಅದನ್ನು ಸೂಜಿಯಂತೆ ಒಂದರಿಂದ ಇನ್ನೊಂದಕ್ಕೆ ಒಯ್ಯುತ್ತದೆ. ಅದು ಕೋಶದ ಹೊರಗೇ ಬದುಕುವ ಜಾತಿ, ಮೇಲ್ಕವಚ ಬದಲಿಸುತ್ತಾ ಪ್ರತಿಕಾಯದಿಂದ ತಪ್ಪಿಸಿಕೊಳ್ಳುತ್ತದೆ. ಮನುಷ್ಯರ ರಕ್ತದ ಅಪೊಎಲ್-1 ಪ್ರೋಟೀನ್ ಅದನ್ನು ಒಡೆದುಹಾಕುತ್ತದೆ. ಮಹಾರಾಷ್ಟ್ರದಲ್ಲಿ 2004ರಲ್ಲಿ ಒಬ್ಬ ರೈತರಿಗೆ ಅದು ತಗಲಿದ್ದು, ಅವರಲ್ಲಿ ಆ ಪ್ರೋಟೀನ್ ಕೆಲಸ ಮಾಡುತ್ತಿರಲಿಲ್ಲ ಎಂಬ ಕಾರಣಕ್ಕೆ. ಕ್ರೂಜಿಗೆ ಅಪೊಎಲ್-1 ಏನೂ ಮಾಡುವುದಿಲ್ಲ.

ಹೇಳಬಂದದ್ದು ಇಷ್ಟು: ಸರ್ರಾದ ಸೈಟೊಕೈನ್ ಪಾಠವನ್ನು ಚಾಗಸ್‌ಗೆ ಹಚ್ಚಬೇಡಿ. ಹೆಸರು ಒಂದೇ ಕುಲದ್ದು, ಬದುಕುವ ಜಾಗ ಬೇರೆ, ಆದ್ದರಿಂದ ದೇಹದ ಉತ್ತರವೂ ಬೇರೆ.

ಬೆಟಗೇರಿ_ಇಕೋ
ಮುಖ್ಯ ವಿಷಯಕ್ಕ ಬರ್ತೀನ್ರಿ. ಗುಂಪು ಮಾಡೂದರಾಗೇ ಎಷ್ಟೋ ತಪ್ಪು ಐತಿ.

'ಲಕ್ಷಣವಿಲ್ಲದ ಹಂತ' ಅಂದ್ರ ಏನು? ಹಳೇ ವ್ಯಾಖ್ಯಾನದ ಪ್ರಕಾರ ಪ್ರತಿಕಾಯ ಪರೀಕ್ಷೆ ಪಾಸಿಟಿವ್, ಲಕ್ಷಣ ಇಲ್ಲ, 12 ಲೀಡಿನ ಇಸಿಜಿ ಸರಿ, ಎದಿ, ಅನ್ನನಾಳ, ಕರುಳಿನ ಎಕ್ಸ್‌ರೇ ಸರಿ. ಇದರಾಗ ಇಕೋ ಇಲ್ಲ. ಅದೇ ಜನಕ್ಕ ಇಕೋ ಮಾಡಿದ್ರ ಕೆಲವರಾಗ ಹೃದಯದ ತುದಿ ಅಥವಾ ಹಿಂದಿನ ಗೋಡಿ ಸರಿಯಾಗಿ ಅಲುಗೂದಿಲ್ಲ ಅಂತ ಸಿಗತೈತಿ. ತುದಿಯ ಸಣ್ಣ ಗುಳ್ಳಿ, ಅಂದ್ರ ಎಪಿಕಲ್ ಅನ್ಯೂರಿಸಂ, ಚಾಗಸ್‌ನ ಗುರುತೇ ಸೈ. ಅಂಥವರು 'ಲಕ್ಷಣವಿಲ್ಲದ' ಗುಂಪಿನ್ಯಾಗ ಕುಂತ್ರ ಆ ಗುಂಪಿನ ಟಿಎನ್‌ಎಫ್ ಏರತೈತಿ, ವ್ಯತ್ಯಾಸ ಮಾಯ ಆಗತೈತಿ.

ಹೃದಯದ ಗುಂಪೂ ಒಂದಲ್ಲ, ಅದರಾಗ ಬಿ-1ರಿಂದ ಡಿ ತನಕ ಹಂತ ಅದಾವ. ಇಸಿಜಿಯೊಳಗ ಬರೀ ಬಲ ಬಂಡಲ್ ಬ್ಲಾಕ್ ಮತ್ತ ಎಡ ಮುಂಭಾಗದ ಶಾಖೆಯ ಬ್ಲಾಕ್ (ಹೃದಯದ ವಿದ್ಯುತ್ ಹಾದಿಯ ತಡೆ) ಇರೂ ಮನಷ್ಯಾ, ಹೃದಯ ಚೊಲೋ ಹಿಂಡ್ತಿರ್ತೈತಿ, ಅವನು ಬಿ-1. ಎಜೆಕ್ಷನ್ ಫ್ರ್ಯಾಕ್ಷನ್ (ಒಂದು ಬಡಿತಕ್ಕ ಹೃದಯ ಹೊರಗ ತಳ್ಳೂ ರಕ್ತದ ಪಾಲು) ಶೇಕಡಾ 45ಕ್ಕಿಂತ ಕೆಳಗ ಹೋಗಿ ಇನ್ನೂ ಉಸಿರಾಟದ ತೊಂದ್ರಿ ಇಲ್ಲದವನು ಬಿ-2. ಹೃದಯ ವೈಫಲ್ಯದ ಲಕ್ಷಣ ಬಂದವನು ಸಿ, ಔಷಧಕ್ಕೂ ಬಗ್ಗದವನು ಡಿ. ಬಿ-1 ಮತ್ತು ಡಿ ಕೂಡಿಸಿ ಸರಾಸರಿ ತಗದ ಕೋಷ್ಟಕ ನನಗಂತೂ ನಂಬಿಕಿ ಬರೂದಿಲ್ಲ.

ಈಗ ಟಿಎನ್‌ಎಫ್. ಯಾವ ಕಾರಣಕ್ಕ ಹೃದಯ ಸೋತ್ರೂ ಟಿಎನ್‌ಎಫ್, ಐಎಲ್-6 ಏರ್ತಾವ. ಇದು 1990ರಿಂದ ಗೊತ್ತಿದ್ದ ಮಾತು. ಕರುಳಿಗೆ ರಕ್ತ ಕಟ್ಟಿಕೊಂಡು ಬ್ಯಾಕ್ಟೀರಿಯಾದ ವಿಷ ಒಳಗ ಸೋರತೈತಿ, ಹಿಗ್ಗಿದ ಸ್ನಾಯು ತಾನೂ ಟಿಎನ್‌ಎಫ್ ಬಿಡತೈತಿ. ಹಂಗಾಗಿ ಚಾಗಸ್ ಹೃದಯದವರಾಗ ಟಿಎನ್‌ಎಫ್ ಹೆಚ್ಚು ಅಂದ್ರ ಮೊದಲನೇ ಪ್ರಶ್ನೆ: ಅಷ್ಟೇ ಎಜೆಕ್ಷನ್ ಫ್ರ್ಯಾಕ್ಷನ್ ಇರೂ, ಚಾಗಸ್ ಇಲ್ಲದ ಹೃದಯ ಹಿಗ್ಗಿದವರ ಗುಂಪು ಇತ್ತೋ ಇಲ್ಲೋ? ಆ ನಾಲ್ಕನೇ ಗುಂಪು ಇಲ್ಲದ ಪ್ರಬಂಧ ಓದೂವಾಗ, ಟಿಎನ್‌ಎಫ್ ಸಾಲಿನ ಮುಂದ 'ಹೃದಯ ವೈಫಲ್ಯವೂ ಇರಬಹುದು' ಅಂತ ಪೆನ್ಸಿಲಿಂದ ಬರ್ಕೊಳ್ರಿ. ತಂಗಿ ಕೇಳಿದ ಎರಡನೇ ಪ್ರಶ್ನೆ ಇದಕ್ಕಾಗಿಯೇ ಭಾರಿ ಪ್ರಶ್ನೆ.

ನುಗ್ಗಿಕೇರಿ
ಬೆಟಗೇರಿಯವರ ಮಾತು ಟಿಎನ್‌ಎಫ್, ಐಎಲ್-6ಕ್ಕೆ ಪೂರ್ತಿ ಒಪ್ಪುತ್ತೇನೆ. ಇಂಟರ್‌ಫೆರಾನ್ ಗಾಮಾಕ್ಕೆ ಅಷ್ಟು ಬೇಗ ಒಪ್ಪಲಾರೆ. ಚಾಗಸ್ ಹೃದಯದ ತುಣುಕು ನೋಡಿದರೆ ಟಿ ಕೋಶಗಳು ಕಿಕ್ಕಿರಿದಿರುತ್ತವೆ, ಅವು ಬಿಡುವುದು ಇಂಟರ್‌ಫೆರಾನ್ ಗಾಮಾ. ಅದರ ಪ್ರಭಾವದಿಂದ ಸ್ನಾಯುವಿನಲ್ಲಿ ಸಿಎಕ್ಸ್‌ಸಿಎಲ್-9, ಸಿಎಕ್ಸ್‌ಸಿಎಲ್-10 ಹುಟ್ಟಿ ಮತ್ತಷ್ಟು ಟಿ ಕೋಶಗಳನ್ನು ಕರೆಯುತ್ತವೆ. ಕಾರಣ ತಿಳಿಯದೆ ಹಿಗ್ಗಿದ ಹೃದಯದಲ್ಲಿ ಇಷ್ಟು ಜೋರಾದ ಟಿ ಕೋಶದ ಮುತ್ತಿಗೆ ಸಾಮಾನ್ಯವಲ್ಲ. ಆದ್ದರಿಂದ ಬೇರ್ಪಡಿಸುವ ಗುರುತು ಹುಡುಕುವುದಾದರೆ ನಾನು ಟಿಎನ್‌ಎಫ್ ಬಿಟ್ಟು ಇಂಟರ್‌ಫೆರಾನ್ ಗಾಮಾ ಮತ್ತು ಸಿಎಕ್ಸ್‌ಸಿಎಲ್-10ರ ಜೋಡಿಯನ್ನು ನೋಡುತ್ತೇನೆ. ಎರಡನೆಯದು ಮೊದಲನೆಯದರ ನೆರಳು. ಇಂಟರ್‌ಫೆರಾನ್ ಗಾಮಾ ಅಳತೆಗೆ ಸಿಗದಷ್ಟು ಕಡಿಮೆ ಇದ್ದಾಗಲೂ ನೆರಳು ಅಳತೆಗೆ ಸಿಗುತ್ತದೆ.

ಬೆಟಗೇರಿ_ಇಕೋ
ಮೇಡಂ, ನೆರಳು ಅಂದಿರಿ, ಆದರ ಯಾರ ನೆರಳು? ನಮ್ಮ ಕಡೆ ಕ್ಷಯದ ಸೋಂಕಿದ್ದವರಿಗೂ ಸಿಎಕ್ಸ್‌ಸಿಎಲ್-10 ಏರತೈತಿ, ವೈರಲ್ ಜ್ವರ ಬಂದು ಹೋದವರಿಗೂ ಏರತೈತಿ. ಗುಟ್ಕಾ ತಿಂದು ಒಸಡು ಕೆಟ್ಟವರಿಗೆ ಐಎಲ್-6. ಕೊಕ್ಕೆಹುಳ ಹೊಟ್ಟಿಯೊಳಗಿದ್ರ ಐಎಲ್-10. ಆ ಕಡೆ ದೇಶದಾಗೂ ಚಾಗಸ್ ಬರೂದು ಮಣ್ಣಗೋಡಿ ಮನಿಯ ಬಡವರಿಗೇ, ಹುಳದ ಕಾಟ ಅವರಿಗೂ ಇರತೈತಿ. ಮಲ ಪರೀಕ್ಷೆ ಮಾಡದ ಐಎಲ್-10 ಅಂಕಿ ಅರ್ಧ ಕಥಿ ಅಷ್ಟ.

ಇನ್ನೊಂದು, ಕಾರಣ-ಪರಿಣಾಮ. ಟಿಎನ್‌ಎಫ್ ಏರಿದ್ದಕ್ಕ ಹೃದಯ ಸೋತಿತೋ, ಸೋತಿದ್ದಕ್ಕ ಏರಿತೋ, ಒಂದೇ ಸಲ ರಕ್ತ ತಗದ ಅಧ್ಯಯನ ಹೇಳೂದಿಲ್ಲ. ಹೃದಯ ವೈಫಲ್ಯಕ್ಕ ಟಿಎನ್‌ಎಫ್ ತಡಿಯೂ ಔಷಧ ಕೊಟ್ಟು ನೋಡ್ಯಾರ. ಇನ್‌ಫ್ಲಿಕ್ಸಿಮ್ಯಾಬ್ ಹೆಚ್ಚಿನ ಪ್ರಮಾಣದಾಗ, ಅಂದ್ರ ಕಿಲೋಗೆ 10 ಮಿಲಿಗ್ರಾಂ ಕೊಟ್ಟಾಗ, ರೋಗಿಗಳು ಇನ್ನೂ ಕೆಟ್ರು. ರಕ್ತದಾಗ ಹೆಚ್ಚು ಐತಿ ಅಂದ ಮಾತ್ರಕ್ಕ ಇಳಸಬೇಕು ಅಂತ ಅಲ್ಲ.

ನುಗ್ಗಿಕೇರಿ
ಹುಳದ ಮಾತು ಸರಿ, ತಿದ್ದಿಕೊಳ್ಳುತ್ತೇನೆ: ಮಲ ಪರೀಕ್ಷೆ, ಕ್ಷಯದ ತಪಾಸಣೆ, ಸಿಆರ್‌ಪಿ (ಉರಿಯೂತ ತೋರಿಸುವ ರಕ್ತಪರೀಕ್ಷೆ) ಮೂರೂ ಇಲ್ಲದೆ ಈ ಆರು ಅಣುಗಳನ್ನು ಅಳೆಯಬಾರದು. ಔಷಧಗಳ ಪಟ್ಟಿಯೂ ಬೇಕು. ಸ್ಟ್ಯಾಟಿನ್, ಕಾರ್ವೆಡಿಲಾಲ್ ಸೈಟೊಕೈನ್ ಮೇಲೆ ಪ್ರಭಾವ ಬೀರುತ್ತವೆ. ಅಮಿಯೊಡರೋನ್ ಬೇರೆಯೇ ಸಂಗತಿ: ಚಾಗಸ್ ಹೃದಯದ ಲಯ ತಪ್ಪಿದಾಗ ಕೊಡುವ ಔಷಧ ಅದು, ಪ್ರಯೋಗಶಾಲೆಯಲ್ಲಿ ಅದು ಪರಾವಲಂಬಿಯನ್ನೂ ಕೊಲ್ಲುತ್ತದೆ.

ಈ ಗುರುತುಗಳಿಗೆ ಜನ ಯಾಕೆ ಇಷ್ಟು ಹುಡುಕಾಡುತ್ತಾರೆ ಎಂಬುದನ್ನು ಸೆಮಿನಾರಿನಲ್ಲಿ ಬಿಡಬೇಡಿ. ಪರಾವಲಂಬಿ ಕೊಲ್ಲುವ ಔಷಧ ಬೆಂಜ್ನಿಡಜೋಲ್, ದಿನಕ್ಕೆ ಕಿಲೋಗೆ 5ರಿಂದ 7 ಮಿಲಿಗ್ರಾಂ, 60 ದಿನ ಕೊಡುತ್ತಾರೆ. ಕೊಟ್ಟ ಮೇಲೆ ವಾಸಿಯಾಯಿತೇ ಎಂದು ಹೇಳುವ ಪರೀಕ್ಷೆ ಇಲ್ಲ. ಪ್ರತಿಕಾಯ ಮಾಯವಾಗಲು ವರ್ಷಗಳು, ಕೆಲವರಲ್ಲಿ ದಶಕಗಳೇ ಬೇಕು. ಪಿಸಿಆರ್ ನೆಗೆಟಿವ್ ಬಂದರೂ ಆ ದಿನದ ರಕ್ತದಲ್ಲಿ ಪರಾವಲಂಬಿ ಸಿಗಲಿಲ್ಲ ಎಂದಷ್ಟೇ ಅರ್ಥ. 2015ರಲ್ಲಿ ಪ್ರಕಟವಾದ ಬೆನಿಫಿಟ್ ಪ್ರಯೋಗದಲ್ಲಿ 2,854 ಹೃದಯದ ಚಾಗಸ್ ರೋಗಿಗಳಿದ್ದರು. ಔಷಧದಿಂದ ಪಿಸಿಆರ್ ಸುಧಾರಿಸಿತು, ಹೃದಯರೋಗದ ಓಟ ಮಾತ್ರ ನಿಲ್ಲಲಿಲ್ಲ. ಯಾರ ಹೃದಯ ಮುಂದೆ ಕೆಡುತ್ತದೆ ಎಂದು ಲಕ್ಷಣವಿಲ್ಲದಾಗಲೇ ಹೇಳುವ ಅಣು ಸಿಕ್ಕರೆ ಆ ಕೆಲವರಿಗೆ ಮೊದಲೇ ಚಿಕಿತ್ಸೆ ಕೊಡಬಹುದು. ಅದಕ್ಕೆ ಬೇಕಾದದ್ದು ಅದೇ ವ್ಯಕ್ತಿಯ ರಕ್ತವನ್ನು ವರ್ಷ ವರ್ಷ ತೆಗೆದು ನೋಡುವ ಅಧ್ಯಯನ.

ವಿದ್ಯಾನಗರ_ಅಂಕಿ
ಅಂಕಿ ವಿಷಯಕ್ಕೆ ಬರುತ್ತೇನೆ. ಆರು ಅಣು, ಮೂರು ಗುಂಪು. ಜೋಡಿ ಜೋಡಿ ಹೋಲಿಸಿದರೆ 18 ಹೋಲಿಕೆ. ಯಾವುದರಲ್ಲೂ ನಿಜವಾದ ವ್ಯತ್ಯಾಸವಿಲ್ಲದಿದ್ದರೂ, ಹೋಲಿಕೆಗಳು ಒಂದಕ್ಕೊಂದು ಸಂಬಂಧವಿಲ್ಲದವು ಎಂದಿಟ್ಟುಕೊಂಡರೆ, ಪಿ-ಮೌಲ್ಯ 0.05ರ ಗೆರೆಯಲ್ಲಿ ಕನಿಷ್ಠ ಒಂದು 'ಗೆಲ್ಲುವ' ಸಾಧ್ಯತೆ ನೂರಕ್ಕೆ 60. ಒಂದೇ ಸೈಟೊಕೈನಿನಲ್ಲಿ 0.04 ಬಂದ ಪ್ರಬಂಧವನ್ನು ಈ ಕಣ್ಣಿನಿಂದ ಓದಿ. ಹೋಲಿಕೆಗಳ ಸಂಖ್ಯೆಗೆ ತಿದ್ದುಪಡಿ ಮಾಡಿದ್ದಾರೆಯೇ ನೋಡಿ.

ಎರಡನೆಯದು, ಅಳತೆಯ ತಳದ (ಕಿಟ್ ಅಳೆಯಬಲ್ಲ ಕನಿಷ್ಠ ಪ್ರಮಾಣದ) ಕೆಳಗೆ ಬಿದ್ದ ಸ್ಯಾಂಪಲ್‌ಗಳು. ಸೊನ್ನೆ ಹಾಕುವುದು ತಪ್ಪು, ಬಿಟ್ಟುಬಿಡುವುದು ಅದಕ್ಕಿಂತ ದೊಡ್ಡ ತಪ್ಪು. ಕೆಲವೇ ಇದ್ದರೆ ತಳದ ಅರ್ಧವನ್ನೋ, ತಳವನ್ನು ಎರಡರ ವರ್ಗಮೂಲದಿಂದ ಭಾಗಿಸಿದ್ದನ್ನೋ ಹಾಕುತ್ತಾರೆ. ಅರ್ಧಕ್ಕಿಂತ ಹೆಚ್ಚು ಸ್ಯಾಂಪಲ್ ತಳದ ಕೆಳಗಿದ್ದರೆ ಸರಾಸರಿ ಮರೆತು, 'ಸಿಕ್ಕಿತು, ಸಿಗಲಿಲ್ಲ' ಎಂದು ಎಣಿಸಿ. ಇಂಟರ್‌ಫೆರಾನ್ ಗಾಮಾದ್ದು ಆಗಾಗ ಇದೇ ಗತಿ.

ಇದು ಅನುಪಾತದಲ್ಲಿ ಬಹಳ ಕಾಡುತ್ತದೆ. ಇಂಟರ್‌ಫೆರಾನ್ ಗಾಮಾವನ್ನು ಐಎಲ್-10ರಿಂದ ಭಾಗಿಸಿ ಒಂದು ಅಂಕಿ ಕೊಡುವುದು ಆಕರ್ಷಕ. ಉದಾಹರಣೆಗೆ ಐಎಲ್-10ರ ತಳ 2 ಪಿಕೊಗ್ರಾಂ, ರೋಗಿಯದ್ದು ತಳದ ಕೆಳಗೆ, ಇಂಟರ್‌ಫೆರಾನ್ ಗಾಮಾ 6 ಎಂದುಕೊಳ್ಳಿ. ತಳದ ಅರ್ಧ ಹಾಕಿದರೆ ಅನುಪಾತ 6. ವರ್ಗಮೂಲದ ಲೆಕ್ಕ ಹಾಕಿದರೆ 4.2. ರೋಗಿ ಅದೇ, ರಕ್ತ ಅದೇ, ನಮ್ಮ ಆಯ್ಕೆಯಿಂದಲೇ ನೂರಕ್ಕೆ ಸುಮಾರು 30 ಇಳಿಯಿತು.

ಅಂಕಿಗಳು ಒಂದೇ ಕಡೆ ಬಾಲ ಚಾಚಿಕೊಂಡಿರುತ್ತವೆ, ಆದ್ದರಿಂದ ಲಾಗರಿದಮ್ ತೆಗೆದು ನೋಡಿ, ಅಥವಾ ಮಧ್ಯಾಂಕ ಕೊಡಿ. ಹೃದಯದ ಗುಂಪಿನವರು ಸಾಮಾನ್ಯವಾಗಿ ವಯಸ್ಸಾದವರು, ವಯಸ್ಸಿನೊಂದಿಗೆ ಐಎಲ್-6 ತಾನಾಗಿ ಏರುತ್ತದೆ. ವಯಸ್ಸು, ಲಿಂಗ, ದೇಹದ ತೂಕ, ಎಜೆಕ್ಷನ್ ಫ್ರ್ಯಾಕ್ಷನ್ ಇವುಗಳಿಗೆ ಸರಿದೂಗಿಸದ ಹೋಲಿಕೆ ಅಪೂರ್ಣ.

ಸಪ್ತಾಪುರ_ಪಿಜಿ
ತುಂಬಾ ಉಪಯೋಗವಾಯಿತು. ಅಭ್ಯಾಸಕ್ಕೆಂದು ಟಿಎನ್‌ಎಫ್ ಎಲಿಸಾ ಒಂದು ಪ್ಲೇಟ್ ಹಾಕಿದೆವು. ಸ್ಯಾಂಪಲ್ ಇಲ್ಲದ ಬಾವಿಗಳಲ್ಲೇ ಬಣ್ಣದ ಓದು 0.4 ಬರುತ್ತಿದೆ. ಅಂಚಿನ ಸಾಲುಗಳು ನಡುವಿನದಕ್ಕಿಂತ ಕಡು ಬಣ್ಣ. ಇಬ್ಬರ ಪ್ಲಾಸ್ಮಾದಲ್ಲಿ ಟಿಎನ್‌ಎಫ್ ಸಾವಿರ ದಾಟಿದೆ, ಇಬ್ಬರೂ ಆರಾಮಾಗಿದ್ದಾರೆ.

ಉಣಕಲ್_ಎಲಿಸಾ
ಮೂರಕ್ಕೂ ಬ್ಯಾರೆ ಬ್ಯಾರೆ ಕಾರಣ.

ಖಾಲಿ ಬಾವಿ 0.4 ಅಂದ್ರ ತೊಳಿಯೂದು ಸಾಲ್ತಿಲ್ಲ. ಬಾವಿಗೆ 300-400 ಮೈಕ್ರೊಲೀಟರ್ ಬಫರ್, 0.05 ಶೇಕಡಾ ಟ್ವೀನ್-20 ಇರಬೇಕು, ಅರ್ಧ ನಿಮಿಷ ನಿಂದರಸಿ ಚೆಲ್ಲಿ, ದಪ್ಪ ಟಿಶ್ಯೂ ಮ್ಯಾಲ ಬೋರಲ ಹಾಕಿ ಬಡೀರಿ. ಸ್ಟ್ರೆಪ್ಟಾವಿಡಿನ್-ಎಚ್‌ಆರ್‌ಪಿ (ಬಣ್ಣ ಬರಸೂ ಕಿಣ್ವ) ಆದ ಮ್ಯಾಲ ಐದು ಸಲ. ತೊಳಿಯೂ ಬಫರಿಗೆ ಬೋರಿನ ನೀರು ಮುಟ್ಟಸಬ್ಯಾಡ್ರಿ, ಡಿಸ್ಟಿಲ್ಡ್ ನೀರು. ಬಣ್ಣ ಕೊಡೂ ಟಿಎಂಬಿ ದ್ರಾವಣ ಬಾಟ್ಲಿಯೊಳಗೇ ನೀಲಿ ಆಗಿದ್ರ ಚೆಲ್ಲಿಬಿಡ್ರಿ. ಇದರ ಉಲ್ಟಾ ಒಂದು ತಪ್ಪದ: ಪ್ಲೇಟ್ ಪೂರಾ ಬೆಳ್ಳಗ, ಪ್ರಮಾಣ ಗೊತ್ತಿದ್ದ ಸ್ಟ್ಯಾಂಡರ್ಡಿಗೂ ಸೈತ ಬಣ್ಣ ಇಲ್ಲ. ಆಗ ಬಫರಿನ್ಯಾಗ ಸೋಡಿಯಂ ಅಜೈಡ್ ಅದ ಏನು ನೋಡ್ರಿ. ಬಫರ್ ಕೆಡಬಾರ್ದು ಅಂತ ಹಾಕಿರ್ತಾರ, ಅದು ಎಚ್‌ಆರ್‌ಪಿ ಕೊಲ್ತದ.

ಅಂಚು ಕಡುಬಣ್ಣ ಅಂದ್ರ ಬಿಸಿ. ಫ್ರಿಜ್ಜಿನಿಂದ ತಗದ ತಣ್ಣನ ಪ್ಲೇಟ್ ಬಿಸಿ ಕೋಣಿಯೊಳಗಿಟ್ರ ಅಂಚು ಮೊದಲ ಕಾಯ್ತದ. ಎಲ್ಲಾ ದ್ರವ ಅರ್ಧ ತಾಸು ಮೊದಲ ಹೊರಗ ತಗೀರಿ, ಅಂಟುಹಾಳಿಯಿಂದ ಮುಚ್ರಿ, ಪ್ಲೇಟ್ ಮ್ಯಾಲ ಪ್ಲೇಟ್ ಹೇರಬ್ಯಾಡ್ರಿ, ಫ್ಯಾನಿನ ಕೆಳಗ ಇಡಬ್ಯಾಡ್ರಿ. 22-25 ಡಿಗ್ರಿ ಇನ್‌ಕ್ಯುಬೇಟರ್ ಸಿಕ್ರ ಅದು ಉತ್ತಮ. ಸ್ಟಾಪ್ ದ್ರಾವಣ ಹಾಕಿದ ಮ್ಯಾಲ 15 ನಿಮಿಷದೊಳಗ 450 ನ್ಯಾನೊಮೀಟರ್ ಬೆಳಕಿನ್ಯಾಗ ಓದ್ರಿ, 570ರ ಓದು ಅದರಾಗ ಕಳೀರಿ.

ಸಾವಿರ ದಾಟಿದ ಆರಾಮ ಇದ್ದವರು: ಅದು ಟಿಎನ್‌ಎಫ್ ಅಲ್ಲ ಅಂತ ಅನಸ್ತದ. ರುಮಟಾಯ್ಡ್ ಫ್ಯಾಕ್ಟರ್ ಅಥವಾ ಪ್ರಾಣಿಯ ಪ್ರತಿಕಾಯಕ್ಕ ಅಂಟೂ ಪ್ರತಿಕಾಯ ಅವರ ರಕ್ತದಾಗ ಇದ್ರ, ಕೆಳಗಿನ ಪ್ರತಿಕಾಯಕ್ಕೂ ಮ್ಯಾಲಿಂದಕ್ಕೂ ಅದೇ ಸೇತುವಿ ಆಗ್ತದ, ನಡುವ ಸೈಟೊಕೈನ್ ಬೇಕಾಗೇ ಇಲ್ಲ. ಎರಡು ಪಟ್ಟು, ನಾಲ್ಕು ಪಟ್ಟು, ಎಂಟು ಪಟ್ಟು ತೆಳು ಮಾಡಿ ನೋಡ್ರಿ. ನಿಜವಾದ ಟಿಎನ್‌ಎಫ್ ಆದ್ರ ಗುಣಿಸಿದ ಮ್ಯಾಲ ಅದೇ ಅಂಕಿ ಹತ್ರ ಬರ್ತದ. ಸೇತುವಿ ಆದ್ರ ಧಡ್ ಅಂತ ಬೀಳ್ತದ. ಹೆಟೆರೊಫೈಲ್ (ಇಂಥ ಸೇತುವಿ ಕಟ್ಟೂ ಪ್ರತಿಕಾಯ) ತಡಿಯೂ ದ್ರಾವಣ ಹಾಕಿ ಮತ್ತೊಮ್ಮೆ ಮಾಡ್ರಿ. ಹಂಗ ಗೊತ್ತಿದ್ದ ಪ್ರಮಾಣ ಟಿಎನ್‌ಎಫ್ ಪ್ಲಾಸ್ಮಾಕ್ಕ ಹಾಕಿ, 80ರಿಂದ 120 ಶೇಕಡಾ ಮರಳಿ ಬರ್ತದೇನು ನೋಡ್ರಿ.

ನುಗ್ಗಿಕೇರಿ
ಈ ಸೇತುವೆಯ ತೊಂದರೆ ಚಾಗಸ್ ಪ್ಲಾಸ್ಮಾದಲ್ಲಿ ಇನ್ನೂ ದೊಡ್ಡದು. ಕ್ರೂಜಿ ಬಿ ಕೋಶಗಳನ್ನು ಗುರಿಯಿಲ್ಲದೆ ಕೆರಳಿಸುತ್ತದೆ, ರಕ್ತದಲ್ಲಿ ಪ್ರತಿಕಾಯಗಳು ತುಂಬಿರುತ್ತವೆ, ಸ್ವಂತ ಅಂಗಾಂಶಕ್ಕೆ ಅಂಟುವ ಪ್ರತಿಕಾಯಗಳೂ ಇರುತ್ತವೆ. ರೋಗಿಗಳ ಪ್ಲಾಸ್ಮಾದಲ್ಲಿ ತೆಳು ಮಾಡಿ ನೋಡುವ ಪರೀಕ್ಷೆ ಮಾಡಿದ್ದಾರೆಯೇ ಎಂದು ಪ್ರಬಂಧಗಳಲ್ಲಿ ಹುಡುಕಿ. ಈ ಒಂದು ಸಾಲು ಇದ್ದರೆ ಆ ಪ್ರಬಂಧಕ್ಕೆ ನನ್ನ ಗೌರವ ಹೆಚ್ಚುತ್ತದೆ.

ವಿದ್ಯಾನಗರ_ಅಂಕಿ
ಪ್ಲೇಟ್ ಹಂಚಿಕೆಯನ್ನೂ ಈಗಲೇ ಬರೆದಿಟ್ಟುಕೊಳ್ಳಿ. 96 ಬಾವಿ. ಖಾಲಿ ಸೇರಿ ಎಂಟು ಸ್ಟ್ಯಾಂಡರ್ಡ್ ಜೋಡಿಗೆ 16, ಎರಡು ಕಂಟ್ರೋಲ್ ಜೋಡಿಗೆ 4. ಉಳಿದ 76ರಲ್ಲಿ ಜೋಡಿಯಾಗಿ 38 ಸ್ಯಾಂಪಲ್. 40 ಜನ ಎಂದರೆ ಎರಡು ಪ್ಲೇಟ್ ಆಗಿಯೇ ಆಗುತ್ತದೆ. ರೋಗಿಗಳೆಲ್ಲ ಒಂದು ಪ್ಲೇಟ್, ಆರೋಗ್ಯವಂತರೆಲ್ಲ ಇನ್ನೊಂದು ಮಾಡಿದರೆ, ಪ್ಲೇಟಿನ ವ್ಯತ್ಯಾಸವೇ ರೋಗದ ವ್ಯತ್ಯಾಸವಾಗಿ ಕಾಣುತ್ತದೆ. ಪ್ರತಿ ಪ್ಲೇಟಿನಲ್ಲೂ ಎಲ್ಲ ಗುಂಪಿನವರನ್ನೂ ಸಮವಾಗಿ, ಚೀಟಿ ಎತ್ತಿ ಹಾಕಿ. ಒಬ್ಬರ ಪ್ಲಾಸ್ಮಾವನ್ನು ಸಣ್ಣ ಪಾಲು ಮಾಡಿಟ್ಟು ಪ್ರತಿ ಪ್ಲೇಟಿನಲ್ಲೂ ಓಡಿಸಿ. ಅದರ ಏರಿಳಿತ ನೂರಕ್ಕೆ 15 ದಾಟಿದರೆ ಆ ಪ್ಲೇಟನ್ನು ಮತ್ತೆ ಮಾಡಬೇಕು. ಸ್ಟ್ಯಾಂಡರ್ಡ್ ಗೆರೆಗೆ ನಾಲ್ಕು ನಿಯತಾಂಕದ ವಕ್ರರೇಖೆ ಹಾಕಿ, ನೇರ ಗೆರೆ ಎಳೆಯಬೇಡಿ. ಕೆಳಗಿನ ತುದಿಯಲ್ಲಿ, ಅಂದರೆ ನಿಮ್ಮ ರೋಗಿಗಳೆಲ್ಲ ಕೂತಿರುವ ಜಾಗದಲ್ಲೇ, ನೇರ ಗೆರೆ ಕೈಕೊಡುತ್ತದೆ.

ಸಪ್ತಾಪುರ_ಪಿಜಿ
ಹಾಗಾದರೆ ಎರಡನೇ ಪ್ರಶ್ನೆಗೆ ಉತ್ತರ 'ಇಲ್ಲ' ಎಂದೇ? ನಮ್ಮ ಅಂಕಿ ಅವರ ಅಂಕಿ ಪಕ್ಕ ಇಡುವಂತಿಲ್ಲವೇ?

ಬೆಟಗೇರಿ_ಇಕೋ
ಪಿಕೊಗ್ರಾಂ ಪಕ್ಕ ಪಿಕೊಗ್ರಾಂ ಇಡಬ್ಯಾಡ್ರಿ. ಕಿಟ್ ಬ್ಯಾರೆ, ಟ್ಯೂಬ್ ಬ್ಯಾರೆ, ಜನರ ಹಳೇ ಸೋಂಕು ಬ್ಯಾರೆ. ಆದರ ನಿಮ್ಮ ಅಳತಿಗೆ ಬೆಲಿ ಐತಿ. ಇಲ್ಲೇ ಹೃದಯ ಹಿಗ್ಗಿದವರನ್ನ ಎಜೆಕ್ಷನ್ ಫ್ರ್ಯಾಕ್ಷನ್ ಪ್ರಕಾರ ಮೂರು ಪಂಗಡ ಮಾಡಿ, ಇಲ್ಲಿಯದೇ ಅದೇ ವಯಸ್ಸಿನ ಆರೋಗ್ಯವಂತರ ಜೋಡಿ ಅಳೀರಿ. ಚಾಗಸ್ ಇಲ್ಲದೇ ಹೃದಯ ಸೋತಾಗ ಯಾವ ಅಣು ಎಷ್ಟು ಪಟ್ಟು ಏರತೈತಿ ಅಂತ ಸಿಗತೈತಿ. ಪಟ್ಟು ಮತ್ತ ದಿಕ್ಕು ಹೋಲಸಬಹುದು, ಅದೂ ಎಚ್ಚರಿಕಿಯಿಂದ. ಟಿಎನ್‌ಎಫ್ ಇಲ್ಲೂ ಅಷ್ಟೇ ಪಟ್ಟು ಏರಿದ್ರ ಅದು ಚಾಗಸ್‌ನ ಗುರುತಲ್ಲ ಅನ್ನೂ ಸಂಶಯ ಗಟ್ಟಿ ಆಗತೈತಿ. ಸಿಎಕ್ಸ್‌ಸಿಎಲ್-10 ಏರದಿದ್ರ ಮೇಡಂ ಮಾತಿಗೆ ಬಲ ಬರತೈತಿ, ನಾನೂ ಒಪ್ಪತೀನಿ.

ನುಗ್ಗಿಕೇರಿ
ಅದೇ ಕಿಟ್ಟು, ಅದೇ ಟ್ಯೂಬು, ಅದೇ ಪ್ಲೇಟಿನಲ್ಲಿ ನಿಜವಾದ ಹೋಲಿಕೆ ಬೇಕೆಂದರೆ ಚಾಗಸ್ ಕಾಣುವ ಕೇಂದ್ರದವರೊಡನೆ ಸೇರಿ, ಒಂದೇ ವಿಧಾನ ಬರೆದುಕೊಂಡು, ಎರಡೂ ಕಡೆ ಒಂದೇ ಸಾಮಾನ್ಯ ಸ್ಯಾಂಪಲ್ ಓಡಿಸಬೇಕು. ಅಲ್ಲಿ ರೋಗ ಖಚಿತಪಡಿಸಲು ಎರಡು ಬೇರೆ ತತ್ವದ ಪ್ರತಿಕಾಯ ಪರೀಕ್ಷೆ ಬೇಕು. ಒಂದು ಹೌದು, ಒಂದು ಅಲ್ಲ ಎಂದರೆ ಮೂರನೆಯದು. ಲೀಷ್ಮೇನಿಯಾ (ಕ್ರೂಜಿಗೆ ಹತ್ತಿರದ ಇನ್ನೊಂದು ಪರಾವಲಂಬಿ) ಇದ್ದವರಲ್ಲಿ ಒಂದು ಪರೀಕ್ಷೆ ಸುಳ್ಳು ಹೇಳಬಹುದು. ನಿಮ್ಮ ಕಡೆಯ ಕೆಲಸಕ್ಕೂ ನೈತಿಕ ಸಮಿತಿಯ ಒಪ್ಪಿಗೆ ಮೊದಲು, ಟ್ಯೂಬ್ ಆಮೇಲೆ.

ಸಪ್ತಾಪುರ_ಪಿಜಿ
ಸರಿ. ಇಡಿಟಿಎ ಎರಡು ಟ್ಯೂಬ್, ಬೆಳಿಗ್ಗೆ ಎಂಟರಿಂದ ಹತ್ತರೊಳಗೆ, ಉಪವಾಸದಲ್ಲಿ ತೆಗೆಯುವುದು ಎಂದು ಬರೆದುಕೊಂಡಿದ್ದೇನೆ. ಇಕೋ ಅದೇ ದಿನ. ಕೊನೆಯ ಪ್ರಶ್ನೆ: ರೋಗಿಗಳು ಗದಗದಲ್ಲೂ ಇದ್ದಾರೆ, ಮೈನಸ್ 80 ಇರುವುದು ಧಾರವಾಡದಲ್ಲಿ. ರಕ್ತವನ್ನೇ ಬರ್ಫದ ಡಬ್ಬಿಯಲ್ಲಿ ತರಬಹುದೇ?

ಉಣಕಲ್_ಎಲಿಸಾ
ರಕ್ತ ತರಬ್ಯಾಡ್ರಿ. ಗದಗಿನಿಂದ ಧಾರವಾಡ ಅಂದ್ರ ಎರಡು ತಾಸು ಹಿಡೀರಿ, ರಕ್ತಕ್ಕ ಅಷ್ಟು ವೇಳ್ಯಾ ಇಲ್ಲ. ಬರ್ಫಕ್ಕ ನೇರ ತಾಗಿದ್ರ ಕೆಂಪುಕೋಶ ಒಡೀತಾವ, ತಣ್ಣಗಾದ ಪ್ಲೇಟ್‌ಲೆಟ್ ಸರಕು ಚೆಲ್ತಾವ. ಅಲ್ಲೇ ಗದಗಿನ್ಯಾಗ ತಿರಗಸಿ, ಪ್ಲಾಸ್ಮಾ ಬ್ಯಾರೆ ಮಾಡಿ, ಪಾಲು ಮಾಡಿ, ಒಣ ಬರ್ಫದಾಗ ತರ್ರಿ. ಡಬ್ಬಿ ಥರ್ಮೊಕೋಲಿಂದು ಇರಲಿ, ಮುಚ್ಚಳ ಗಾಳಿ ಆಡದಂಗ ಬಿಗಿಬ್ಯಾಡ್ರಿ, ಒಣ ಬರ್ಫ ಅನಿಲ ಆಗಿ ಡಬ್ಬಿ ಒಡೀತದ. ಕಾರಿನ ಕಿಟಕಿ ಸ್ವಲ್ಪ ತಗದಿರ್ರಿ. ಟ್ಯೂಬಿನ ಮ್ಯಾಲ ರಕ್ತ ತಗದ ವೇಳ್ಯಾ, ತಿರಗಸಿದ ವೇಳ್ಯಾ, ಫ್ರೀಜರಿಗೆ ಹಾಕಿದ ವೇಳ್ಯಾ ಮೂರೂ ಬರೀರಿ. ಧಾರವಾಡದವರ ಪ್ಲಾಸ್ಮಾ ಸೈತ ಅಷ್ಟೇ ಹೊತ್ತು ಒಣ ಬರ್ಫದಾಗಿಟ್ಟು ಆಮ್ಯಾಲ ಮೈನಸ್ 80ಕ್ಕ ಹಾಕ್ರಿ, ಎರಡೂ ಊರಿನ ಸ್ಯಾಂಪಲ್ ಒಂದೇ ಹಾದಿ ಹಿಡದಂಗಾಗ್ತದ.